ಯಾವ ಜೋಸೆಫ್?

ನನ್ನ ಅತ್ತೆಯ ತವರು ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಕ್ಲೇರ್. ಅಕಾಡಿಯನ್ನರು, ಅಂದರೆ ಅಲ್ಲಿ ಮೊದಲಿಂದ ನೆಲೆಸಿದ್ದ ಫ್ರೆಂಚ್ ರೈತರ ಪೈಕಿ. ಮನೆತನದ ಹೆಸರು ಲೆಬ್ಲಾಂ. "ನಮ್ಮ ಜೋಸೆಫಜ್ಜನನ್ನು ಬ್ರಿಟಿಷರು ಗ್ರಾಂ-ಪ್ರೇ ಅನ್ನೋ ಊರಿಂದ ಹಡಗು ಹತ್ತಿಸಿ ಬಾಸ್ಟನ್ ಕಡೆ ಅಟ್ಟಿದರಂತೆ" ಅನ್ನುತ್ತಿದ್ದರು. ಗೊತ್ತಿದ್ದದ್ದು ಇಷ್ಟೇ.

ಆ ಜೋಸೆಫ್ ಯಾರು ಅಂತ ಹುಡುಕಲು ನಾನು ನೇರವಾಗಿ ಗಡೀಪಾರಿನ ವರ್ಷ 1755ಕ್ಕೆ ಹಾರಿದೆ. ಎಡವಿದ್ದೇ ಅಲ್ಲಿ. ಆ ವರ್ಷ ಸೆಪ್ಟೆಂಬರ್ 5ರಂದು ಬ್ರಿಟಿಷರ ಕಡೆಯ ಕರ್ನಲ್ ವಿನ್ಸ್ಲೋ 418 ಗಂಡಸರು, ಹುಡುಗರನ್ನು ಗ್ರಾಂ-ಪ್ರೇ ಚರ್ಚಿನೊಳಗೆ ಕೂಡಿಹಾಕಿ ಗಡೀಪಾರಿನ ಆಜ್ಞೆ ಓದಿದ. ಅವನು ಬರೆಸಿದ ಪಟ್ಟಿ ಉಳಿದಿದೆ. ಯಜಮಾನನ ಹೆಸರು, ಎಷ್ಟು ಗಂಡುಮಕ್ಕಳು, ಎಷ್ಟು ಹೆಣ್ಣುಮಕ್ಕಳು, ಎತ್ತು, ಹಸು, ಕುರಿ, ಹಂದಿ. ಹಂದಿಗೂ ಲೆಕ್ಕ ಇದೆ, ಹೆಂಡತಿಯ ಹೆಸರು ಮಾತ್ರ ಇಲ್ಲ! ಜೋಸೆಫ್ ಲೆಬ್ಲಾಂಗಳೋ, ಒಬ್ಬರಲ್ಲ ಇಬ್ಬರಲ್ಲ. ಮಕ್ಕಳ ಲೆಕ್ಕ ಹೊಂದಿತು ಅಂತ ಒಬ್ಬನನ್ನು ಹಿಡಿದು ಇಡೀ ಚಳಿಗಾಲ ಕಳೆದೆ.

ಆಮೇಲೆ ಬುದ್ಧಿ ಬಂತು. ಅತ್ತೆಯ ಜನನ ಪತ್ರದಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋದೆ. 1799ರಲ್ಲಿ ಕ್ಲೇರಿಗೆ ಬಂದ ಪಾದ್ರಿ ಸಿಗೋನ್ ಬರೆದಿಟ್ಟ ಚರ್ಚಿನ ದಾಖಲೆ ಪುಸ್ತಕಗಳವರೆಗೆ ದಾರಿ ಸಲೀಸು. ಈ ಪುಸ್ತಕಗಳಲ್ಲಿ ಮದುವೆಯಾದ ಹೆಂಗಸರಿಗೂ ತವರಿನ ಹೆಸರೇ ಇರುತ್ತದೆ. ನನ್ನನ್ನು ಉಳಿಸಿದ್ದು ಇದೇ.

ಜೋಸೆಫನ ಮಗನ ಮದುವೆ ದಾಖಲೆಯಲ್ಲಿ ಇನ್ನೊಂದು ಸಾಲು ಇತ್ತು: ಮೂರನೇ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ. ಅಂದರೆ ಗಂಡು ಹೆಣ್ಣು ಇಬ್ಬರಿಗೂ ಮುತ್ತಜ್ಜ ಮುತ್ತಜ್ಜಿಯರ ಒಂದು ಜೋಡಿ ಒಂದೇ. ಸೋದರಮಾವನ ಮಗಳನ್ನೇ ತರುವ ನಮ್ಮ ಕಡೆಯವರಿಗೆ ಇದೊಂದು ಸಂಬಂಧವೇ ಅಲ್ಲ, ಅಲ್ವಾ? ಅವರಿಗೆ ಚರ್ಚಿನ ಅಪ್ಪಣೆ ಬೇಕಿತ್ತು. ವಧುವಿನ ಮುತ್ತಜ್ಜಂದಿರ ಜೋಡಿಗಳನ್ನು ಹಾಳೆಯಲ್ಲಿ ಬರೆದು, ಒಬ್ಬೊಬ್ಬ ಜೋಸೆಫನನ್ನೂ ಅದಕ್ಕೆ ಹೊಂದಿಸಿ ನೋಡಿದೆ. ನನ್ನ ಚಳಿಗಾಲದ ಜೋಸೆಫ್ ಮೊದಲೇ ಬಿದ್ದುಹೋದ. ಉಳಿದವರು ಇಬ್ಬರು.

ಕಗ್ಗಂಟು ಬಿಡಿಸಿದ್ದು ಫ್ರಾನ್ಸಿನ ಬೆಲ್-ಈಲ್ ದ್ವೀಪ. ಅಲ್ಲಿ ನೆಲೆಸಿದ್ದ 78 ಅಕಾಡಿಯನ್ ಕುಟುಂಬಗಳು 1767ರಲ್ಲಿ ತಮ್ಮ ವಂಶಾವಳಿಯನ್ನು ಪ್ರಮಾಣ ಮಾಡಿ ಬರೆಸಿದವು. ಊರಿನ ದಾಖಲೆಗಳು ಕೈತಪ್ಪಿದ್ದವು, ಎಲ್ಲ ನೆನಪಿನಿಂದಲೇ. ಅದರಲ್ಲಿ ಉಳಿದ ಇಬ್ಬರಲ್ಲಿ ಒಬ್ಬ ಜೋಸೆಫನ ಅಣ್ಣ ತನ್ನ ಒಡಹುಟ್ಟಿದವರೆಲ್ಲ ಎಲ್ಲೆಲ್ಲಿ ಹೋದರು ಅಂತ ಹೇಳಿದ್ದಾನೆ. ಜೋಸೆಫ್ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಬಾಸ್ಟನ್ ಇರುವ ಸೀಮೆಯಲ್ಲಿ. ಜೊತೆಗೆ ಹೆಂಡತಿಯ ತವರಿನ ಹೆಸರು!

ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಪತ್ರಾಗಾರದಲ್ಲಿ ಲೆಬ್ಲಾಂ ಅಂತ ಹುಡುಕಿ ಸೋತಿದ್ದೆ. ಗುಮಾಸ್ತ 'ವೈಟ್' ಅಂತ ಬರೆದಿದ್ದ. ಲೆಬ್ಲಾಂ ಅಂದರೂ ಬಿಳಿ ತಾನೇ. ಸಿಕ್ಕ ಹಾಳೆ, ಊರಿನವರು ಆ ಕುಟುಂಬಕ್ಕೆ ಕೊಟ್ಟ ಸೌದೆಯ ಬಿಲ್ಲು.

ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು: "ಆ ಸೌದೆ ಚಳಿಗಾಲಕ್ಕೆ ಸಾಕಾಯಿತಂತಾ?"