ಹಾಲಿನ ಕವರಿಗೆ ಸೀಸ ಅಂಟಿಸಿ ನೋಡಿದ ಕಥೆ

ಮೈಕ್ರೋಪ್ಲಾಸ್ಟಿಕ್ (5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್) ಚೂರುಗಳು ನೀರಿನಲ್ಲಿರುವ ಸೀಸ (ಲೆಡ್), ತಾಮ್ರ, ಕ್ಯಾಡ್ಮಿಯಂ ಎಲ್ಲವನ್ನೂ ಅಂಟಿಸಿಕೊಂಡು ಓಡಾಡುತ್ತವೆ ಅಂತ ಎಲ್ಲೆಡೆ ಓದುತ್ತೇವೆ, ಅಲ್ವಾ? ಆದರೆ ಹೊಸ ಪ್ಲಾಸ್ಟಿಕ್ ಅಷ್ಟಾಗಿ ಅಂಟಿಸಿಕೊಳ್ಳುವುದೇ ಇಲ್ಲ. ಬಿಸಿಲು ತಿಂದು ಹಳೆಯದಾದ ಮೇಲೆ ಅದರ ಆಟ ಶುರು. ಲ್ಯಾಬಿನಲ್ಲಿ ನಾನು ಇದನ್ನು ಮಾಡಿ ನೋಡಿದ ಕ್ರಮ ಬರೆಯುತ್ತಿದ್ದೇನೆ, ಇದೇ ಕೆಲಸಕ್ಕೆ ಇಳಿಯುವ ಎಂಎಸ್ಸಿ ಹುಡುಗರಿಗೆ ಅನುಕೂಲ ಆಗಬಹುದು.

ತಗೊಂಡದ್ದು ಹಾಲಿನ ಕವರ್. ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥೀನ್) ಪ್ಲಾಸ್ಟಿಕ್, ಬೆಂಗಳೂರಿನಲ್ಲಿ ಅದಕ್ಕೇನು ಬರ? ಇಂಕು ಇಲ್ಲದ ಭಾಗವನ್ನಷ್ಟೇ 5 ಮಿಲಿಮೀಟರಿಗಿಂತ ಚಿಕ್ಕದಾಗಿ ಕತ್ತರಿಸಿದೆ. ಅರ್ಧ ಕತ್ತಲೆ ಡಬ್ಬಿಗೆ. ಇನ್ನರ್ಧ ಟೆರೇಸ್ ಮೇಲೆ, ಸ್ಟೀಲ್ ತಟ್ಟೆಯಲ್ಲಿ, ಗಾಳಿಗೆ ಹಾರದಂತೆ ಮೇಲೆ ಸ್ಟೀಲ್ ಜಾಲರಿ, ಬೇಸಿಗೆ ಪೂರ್ತಿ. ಗಾಜು ಮಾತ್ರ ಮುಚ್ಚಬೇಡಿ, ಕೆಲಸ ಮಾಡಬೇಕಾದ ಯುವಿ ಕಿರಣದ ದೊಡ್ಡ ಪಾಲನ್ನು ಅದೇ ತಡೆದುಬಿಡುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ಚೂರುಗಳು ಹಳದಿಗೆ ತಿರುಗಿ, ಚಿಮಟದಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಎಫ್‌ಟಿಐಆರ್‌ನಲ್ಲಿಟ್ಟರೆ (ಅತಿಗೆಂಪು ಬೆಳಕಿನಿಂದ ರಾಸಾಯನಿಕ ಗುಂಪುಗಳನ್ನು ಗುರುತಿಸುವ ಯಂತ್ರ) ಅದರ ಗ್ರಾಫಿನಲ್ಲಿ 1715 cm⁻¹ ಆಸುಪಾಸಿನಲ್ಲಿ ಒಂದು ಏರು ಕಾಣಿಸಿತು. ಅದು ಕಾರ್ಬೊನಿಲ್, ಇಂಗಾಲಕ್ಕೆ ಆಮ್ಲಜನಕ ಕೂಡಿದ ಗುಂಪು. ಕತ್ತಲೆ ಡಬ್ಬಿಯ ಚೂರಿನಲ್ಲಿ ಆ ಜಾಗ ಹೆಚ್ಚುಕಡಿಮೆ ಚಪ್ಪಟೆ. ಅಂದರೆ ಬಿಸಿಲಿಗೆ ಪ್ಲಾಸ್ಟಿಕ್ಕಿನ ಸರಪಳಿ ತುಂಡಾಗಿ, ತುಂಡಾದ ಕಡೆ ಆಮ್ಲಜನಕ ಸೇರಿಕೊಂಡಿದೆ. ಹೀಗೆ ಹುಟ್ಟುವ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಋಣ ವಿದ್ಯುದಂಶ ಪಡೆಯುತ್ತವೆ, ಸೀಸದ್ದು ಧನ, ಸೆಳೆತ ಸಹಜ. ಜೊತೆಗೆ ಬಿರುಕು ಬಿಟ್ಟಷ್ಟೂ ಅಂಟಲು ಜಾಗ ಜಾಸ್ತಿ.

ಆಮೇಲೆ ಎರಡೂ ಬಗೆಯ ಚೂರು ಲೆಡ್ ನೈಟ್ರೇಟ್ (ಸೀಸದ ಲವಣ) ದ್ರಾವಣಕ್ಕೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಲ್ಲಿ. ಈ 5 ಸುಮ್ನೆ ಆರಿಸಿದ್ದಲ್ಲ. ತೀರಾ ಇಳಿಸಿದರೆ ನೀರಿನ ಹೈಡ್ರೋಜನ್ ಅಯಾನುಗಳೇ ಜಾಗ ಹಿಡಿದುಕೊಳ್ಳುತ್ತವೆ. 6 ದಾಟಿಸಿದರೆ ಸೀಸ ತಾನಾಗೇ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರತೊಡಗುತ್ತದೆ, ನಾವು ಪ್ಲಾಸ್ಟಿಕ್ಕೇ ಎಳೆದುಕೊಂಡಿತು ಅಂತ ಖುಷಿಪಡುತ್ತೇವೆ. ಪ್ಲಾಸ್ಟಿಕ್ ಹಾಕದ ಬಾಟಲಿಯೂ ಶೇಕರ್ ಮೇಲೆ ಪಕ್ಕದಲ್ಲೇ ತಿರುಗಬೇಕು, ಯಾಕೆಂದರೆ ಸೀಸ ಬಾಟಲಿಯ ಗೋಡೆಗೂ ಅಂಟುತ್ತದೆ, ಕೊನೆಗೆ ಸೋಸುವ 0.45 ಮೈಕ್ರಾನ್ ಫಿಲ್ಟರಿಗೂ ಅಂಟುತ್ತದೆ. ಈ ಬ್ಲಾಂಕ್ ಇಲ್ಲದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಎಎಎಸ್‌ನಲ್ಲಿ (ಲೋಹ ಹೀರುವ ಬೆಳಕಿನಿಂದ ಅದರ ಪ್ರಮಾಣ ತಿಳಿಸುವ ಯಂತ್ರ) 283.3 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದಾಗ, ಬಿಸಿಲಿಗಿಟ್ಟ ಚೂರು ಹೊಸದಕ್ಕಿಂತ ಎದ್ದು ಕಾಣುವಷ್ಟು ಸೀಸ ಹಿಡಿದಿತ್ತು. ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ಕ್ರೋಮಿಯಂ ಲೋಹದ ಒಂದು ರೂಪ) ಮಾತ್ರ ಇದೇ ಲೆಕ್ಕ ಹಾಕಬೇಡಿ. ಅದು ನೀರಿನಲ್ಲಿ ಕ್ರೋಮೇಟ್ ಆಗಿ ಋಣ ರೂಪದಲ್ಲೇ ಇರುತ್ತದೆ, ಪಿಎಚ್ ಇಳಿದಾಗ ಅಂಟುವುದು ಹೆಚ್ಚು.

ಇಷ್ಟೆಲ್ಲಾ ಡಿಸ್ಟಿಲ್ಡ್ ವಾಟರಿನ ಮಾತು. ಬೆಂಗಳೂರಿನ ವೃಷಭಾವತಿ ನದಿಯ ನೀರನ್ನು ಸೋಸಿ, ಅದಕ್ಕೆ ಅಷ್ಟೇ ಸೀಸ ಬೆರೆಸಿ ಅದೇ ಚೂರು ಹಾಕಿದರೆ ಹಿಡಿಯುವುದು ಕಡಿಮೆಯಾಯಿತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಪೈಪೋಟಿಗೆ ಬರುತ್ತವೆ, ನೀರಿನಲ್ಲಿ ಕರಗಿದ ಸಾವಯವ ವಸ್ತು ಸೀಸವನ್ನು ತನ್ನ ಜೊತೆಗೇ ಇಟ್ಟುಕೊಳ್ಳುತ್ತದೆ.

ನನಗೆ ಹೆಚ್ಚು ಕಲಿಸಿದ್ದು ಕೆಂಗೇರಿ ಆಚೆ ಅದೇ ನದಿಯ ದಡದಲ್ಲಿ ಹೆಕ್ಕಿದ ಕವರ್ ಚೂರುಗಳು. ಅವುಗಳ ಮೇಲೆ ಕಂದು ಬಣ್ಣದ ಜಾರು ಪೊರೆ: ಪಾಚಿ, ಬ್ಯಾಕ್ಟೀರಿಯಾ, ಜೇಡಿ, ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡ್. ಒಂದು ಪಾಲನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ತೊಳೆದು, ಇನ್ನೊಂದನ್ನು ಹಾಗೇ ಬಿಟ್ಟು ಪರೀಕ್ಷಿಸಿದೆ. ತೊಳೆಯದ್ದೇ ಮುಂದೆ. ಪ್ಲಾಸ್ಟಿಕ್ ಇಲ್ಲಿ ಬರೀ ತಳಪಾಯ, ಸೀಸ ಹಿಡಿಯುವುದು ಬಹುಪಾಲು ಆ ಕೊಳೆ. ಹಾಗಾಗಿ ಯುವಿ ದೀಪದ ಕೆಳಗೆ ಹಳೆಯದು ಮಾಡಿದ ಶುದ್ಧ ಚೂರಿನಿಂದ ಕೆರೆ-ನದಿಯ ಲೆಕ್ಕ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಸೀಸ ಹಿಡಿದ ಚೂರುಗಳನ್ನು ಮೀನಿನ ಹೊಟ್ಟೆಯಂಥ ಹುಳಿ ದ್ರಾವಣಕ್ಕೆ, ಪಿಎಚ್ 2ಕ್ಕೆ, ಹಾಕಿದರೆ ಹಿಡಿದ ಸೀಸದಲ್ಲಿ ಬಹಳಷ್ಟನ್ನು ಅವು ಬಿಟ್ಟುಕೊಟ್ಟವು.

ಇನ್ನೊಂದು ತಲೆನೋವು ಬಣ್ಣದ್ದು. ದಡದಲ್ಲಿ ಸಿಕ್ಕ ಒಂದು ಗಾಢ ಹಳದಿ ಗಟ್ಟಿ ಚೂರನ್ನು ಆಮ್ಲದಲ್ಲಿ ಬೇಯಿಸಿದಾಗ ಸೀಸ ವಿಪರೀತ ಬಂತು, ಜೊತೆಗೆ ಕ್ರೋಮಿಯಂ ಕೂಡ. ಎರಡೂ ಜೊತೆಗೆ ಬಂದರೆ ಮೊದಲ ಅನುಮಾನ ಲೆಡ್ ಕ್ರೋಮೇಟ್ ಬಣ್ಣದ ಮೇಲೆ. ಅದು ನದಿ ಕೊಟ್ಟ ಸೀಸ ಅಲ್ಲ, ಪ್ಲಾಸ್ಟಿಕ್ ತಯಾರಿಸುವಾಗಲೇ ಸೇರಿಸಿದ್ದು. ಹಳೆ ಪಿವಿಸಿಯಲ್ಲೂ ಸೀಸದ ಸ್ಟೆಬಿಲೈಸರ್ (ಪ್ಲಾಸ್ಟಿಕ್ ಬಿಸಿಗೆ ಕೆಡದಂತೆ ಸೇರಿಸುವ ವಸ್ತು) ಇರುವುದುಂಟು. ಹಾಗಾಗಿ ಈಗ ಬಣ್ಣದ ಚೂರು, ಪಿವಿಸಿ ಚೂರು ಎರಡನ್ನೂ ಬೇರೆ ಡಬ್ಬಿಗೆ ಹಾಕುತ್ತೇನೆ, ಅಂಟಿದ ಸೀಸದ ಲೆಕ್ಕಕ್ಕೆ ಅವನ್ನು ಸೇರಿಸುವುದಿಲ್ಲ.