ಸರ್ವರ್‌ಗೆ ಎಸ್‌ಎಸ್‌ಎಚ್ ಪ್ರವೇಶ: ಯಾರಿಗೆ, ಹೇಗೆ?

ಮೈಸೂರಿನ ಹೆಬ್ಬಾಳದ ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲೂ ಮಂಡ್ಯದ ಕಾಲೇಜು ಲ್ಯಾಬ್‌ಗಳಲ್ಲೂ ನಾನು ಮತ್ತೆ ಮತ್ತೆ ಕಂಡಿರುವ ತಪ್ಪು ಒಂದೇ: ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ನೆಟ್‌ವರ್ಕ್‌ನಲ್ಲಿ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಯಾರು ಬರಬಹುದೆಂದು ಪಟ್ಟಿ ಬರೆದವರೇ ಆ ಪಟ್ಟಿಯಿಂದ ಹೊರಗುಳಿದು, ಮುಂಬೈಯಲ್ಲೆಲ್ಲೋ ಇರುವ ಯಂತ್ರದೊಳಕ್ಕೆ ಹೋಗಲಾಗದೆ ಪರದಾಡುತ್ತಾರೆ.

ಮೊದಲು ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ತೆರೆದು, ಅವರವರ ಪಬ್ಲಿಕ್ ಕೀಯನ್ನು (ಪಾಸ್‌ವರ್ಡ್ ಬದಲು ಬಳಸುವ ಕೀ ಜೋಡಿಯಲ್ಲಿ ಸರ್ವರ್‌ನಲ್ಲಿಡುವ ಭಾಗ) ಅದಕ್ಕೆ ಸೇರಿಸಿ. ಒಂದೇ ಖಾತೆಯನ್ನು ಎಲ್ಲರೂ ಹಂಚಿಕೊಳ್ಳಲು ಎಂದಿಗೂ ಬಿಡಬಾರದು. ಬಳಿಕ ಎಸ್‌ಎಸ್‌ಎಚ್‌ಗೆಂದೇ ಒಂದು ಗ್ರೂಪ್ ರಚಿಸಿ, ನಿಮ್ಮ ಖಾತೆಯನ್ನೇ ಮೊದಲು ಸೇರಿಸಿ. ಖಾತೆಯನ್ನು ಗ್ರೂಪಿಗೆ ಸೇರಿಸುವ ‘ಯೂಸರ್‌ಮಾಡ್’ ಕಮಾಂಡ್‌ನಲ್ಲಿ ದೊಡ್ಡ ‘ಜಿ’ಯ ಜೊತೆ ಸಣ್ಣ ‘ಎ’ ಬಿಟ್ಟುಹೋದರೆ ಆ ಖಾತೆ ಸುಡೋ (ನಿರ್ವಾಹಕ ಅಧಿಕಾರ ಕೊಡುವ ಗ್ರೂಪ್) ಸೇರಿದಂತೆ ಹಳೆಯ ಹೆಚ್ಚುವರಿ ಗ್ರೂಪ್‌ಗಳನ್ನೆಲ್ಲ ಕಳೆದುಕೊಳ್ಳುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಸರ್ವರ್‌ನ ಎಸ್‌ಎಸ್‌ಎಚ್ ಸೇವೆಯ ಸೆಟ್ಟಿಂಗ್‌ಗಳಿರುವ ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್’ ಫೈಲ್‌ನಲ್ಲಿ ‘ಅಲೋಗ್ರೂಪ್ಸ್’ ಎಂಬ ಸಾಲು ಜಾರಿಗೆ ಬಂದೊಡನೆ ಆ ಗ್ರೂಪಿನಲ್ಲಿಲ್ಲದ ಎಲ್ಲರಿಗೂ ಪ್ರವೇಶ ನಿಲ್ಲುತ್ತದೆ. ಅದರೊಡನೆ ‘ಅಲೋಯೂಸರ್ಸ್’ ಕೂಡ ಇದ್ದರೆ ಬರುವವರು ಎರಡೂ ಪಟ್ಟಿಗಳಲ್ಲಿರಬೇಕಾದ್ದರಿಂದ, ಗ್ರೂಪ್ ಒಂದನ್ನೇ ಬಳಸಿ. ರೂಟ್ (ಎಲ್ಲ ಅಧಿಕಾರವಿರುವ ಮುಖ್ಯ ಖಾತೆ) ಲಾಗಿನ್ ಮತ್ತು ಪಾಸ್‌ವರ್ಡ್ ಲಾಗಿನ್ ಎರಡನ್ನೂ ‘ನೋ’ ಮಾಡಿ. ಆದರೆ ಇಂಥ ಒಂದೇ ಸೂಚನೆ ಎರಡು ಕಡೆ ಇದ್ದರೆ ಮೊದಲು ಓದಿದ್ದೇ ನಿಲ್ಲುತ್ತದೆ. ಉಬುಂಟುವಿನಲ್ಲಿ ಉಪಫೈಲ್‌ಗಳನ್ನು ಓದಿಸುವ ಸಾಲು ಮುಖ್ಯ ಫೈಲ್‌ನ ಆರಂಭದಲ್ಲೇ ಇರುವುದರಿಂದ, ಅಲ್ಲೆಲ್ಲೋ ಪಾಸ್‌ವರ್ಡ್‌ಗೆ ‘ಯೆಸ್’ ಎಂದಿದ್ದರೆ ನೀವು ಕೆಳಗೆ ಬರೆದ ‘ನೋ’ ವ್ಯರ್ಥ. ‘ಎಸ್‌ಎಸ್‌ಎಚ್‌ಡಿ’ ಕಮಾಂಡ್‌ಗೆ ದೊಡ್ಡ ‘ಟಿ’ ಕೊಟ್ಟು, ನಿಜವಾಗಿ ಜಾರಿಯಾಗುವ ಮೌಲ್ಯಗಳನ್ನು ನೋಡಿಕೊಳ್ಳಿ.

ಸಣ್ಣ ‘ಟಿ’ಯಿಂದ ಬರವಣಿಗೆಯ ದೋಷ ಪರೀಕ್ಷಿಸಿ, ಎಸ್‌ಎಸ್‌ಎಚ್ ಸೇವೆಯನ್ನು ರೀಲೋಡ್ ಮಾಡಿ. ಆಗಲೇ ತೆರೆದಿರುವ ಸೆಷನ್ ಇದರಿಂದ ಕಡಿಯುವುದಿಲ್ಲ; ಆದ್ದರಿಂದ ಹಳೆಯ ವಿಂಡೋವನ್ನು ಯಾವ ಕಾರಣಕ್ಕೂ ಮುಚ್ಚದೆ, ಹೊಸ ವಿಂಡೋದಿಂದ ಲಾಗಿನ್ ಆಗಿ ಸುಡೋ ನಡೆಯುವುದೇ ಎಂದು ಪರಿಶೀಲಿಸಿ, ಗ್ರೂಪಿನಲ್ಲಿಲ್ಲದ ಖಾತೆಯೊಂದಕ್ಕೆ ಪ್ರವೇಶ ಸಿಗುವುದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಎಚ್‌ನ ಕನೆಕ್ಷನ್ ಹಂಚಿಕೆ (‘ಕಂಟ್ರೋಲ್‌ಮಾಸ್ಟರ್’) ಚಾಲ್ತಿಯಲ್ಲಿದ್ದರೆ ಹೊಸ ಲಾಗಿನ್ ಹಳೆಯ ಕನೆಕ್ಷನ್ನಿನಲ್ಲೇ ಸಾಗಿ ಪರೀಕ್ಷೆ ಹುಸಿಯಾಗುತ್ತದೆ. ಅದನ್ನು ಮೊದಲು ನಿಲ್ಲಿಸಿ.

ಎಸ್‌ಎಸ್‌ಎಚ್ ರೂಢಿಯಾಗಿ ಬಳಸುವ 22ನೇ ಪೋರ್ಟನ್ನು ಬದಲಿಸುವುದು ಲಾಗ್‌ನ ಗದ್ದಲವನ್ನಷ್ಟೇ ತಗ್ಗಿಸುತ್ತದೆ. ಒಂದೇ ಕ್ಲಿಕ್‌ನಲ್ಲಿ ಸರ್ವರ್ ಭದ್ರಪಡಿಸುತ್ತೇವೆನ್ನುವ ಸ್ಕ್ರಿಪ್ಟ್‌ಗಳನ್ನು, ಒಳಗೇನಿದೆಯೆಂದು ಓದದೆ, ರೂಟ್ ಆಗಿ ಓಡಿಸಲೇಬೇಡಿ.

ಕೆಲಸ ಬಿಟ್ಟವರ ಪಾಸ್‌ವರ್ಡ್‌ ಲಾಕ್ ಮಾಡಿದ ಮಾತ್ರಕ್ಕೆ ಕೀ ಮೂಲಕ ಬರುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗ್ರೂಪಿನಿಂದ ತೆಗೆದು, ಕೀ ಅಳಿಸಿ, ತೆರೆದಿರುವ ಅವರ ಸೆಷನ್‌ಗಳನ್ನೂ ಅಂದೇ ಕೊನೆಗೊಳಿಸಿ.