ಯಾವ ಬೀರ್‌ನಲ್ಲಿ ಆಲ್ಕೋಹಾಲ್ ಜಾಸ್ತಿ? ಅಳೆದು ನೋಡಿದ ನನ್ನ ಅನುಭವ

ರಾಯಚೂರಿನ ಯಾವ ವೈನ್ ಶಾಪ್ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಯಾವುದ್ರಾಗ ಕಿಕ್ ಜಾಸ್ತಿ ಐತಿ?" ಕೌಂಟರ್‌ನವನು ಕೈಗೆ ಸಿಕ್ಕ ಸ್ಟ್ರಾಂಗ್ ಬಾಟ್ಲಿ ಎತ್ತಿ ಕೊಡುತ್ತಾನೆ. ನನ್ನ ಗೆಳೆಯರ ನಡುವೆಯೂ ಇದೇ ಜಗಳ. ಒಬ್ಬನಿಗೆ ನಾಕೌಟ್ ಬಿಟ್ಟರೆ ಬೇರೆ ಇಲ್ಲ. ಇನ್ನೊಬ್ಬ ಹೇವರ್ಡ್ಸ್ 5000 ಪಾರ್ಟಿ. ಹೆಸರಲ್ಲೇ ಐದು ಸಾವಿರ ಇದೆಯಲ್ಲ ಅನ್ನೋದು ಅವನ ವಾದ. ಮೂರನೆಯವನು ಗಡಿಯಾಚೆ ತೆಲಂಗಾಣದ ಗದ್ವಾಲ ಕಡೆ ಸಿಗೋದೇ ನಮ್ಮದಕ್ಕಿಂತ ಸ್ಟ್ರಾಂಗ್ ಅಂತ ಆಣೆ ಹಾಕುತ್ತಾನೆ. ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಬಾಯಿಮಾತು ಸಾಕು, ಅಳೆದೇ ಬಿಡೋಣ ಅನ್ನಿಸಿತು.

ಶುರು ಮಾಡಿದ್ದು ಲೇಬಲ್‌ನಿಂದ. ದಪ್ಪ ಅಕ್ಷರದ 'ಸ್ಟ್ರಾಂಗ್', 'ಸೂಪರ್ ಸ್ಟ್ರಾಂಗ್' ಎಲ್ಲ ಬಿಟ್ಟುಬಿಡಿ. ಬಾಟ್ಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ಸುಮಾರು ಸ್ಟ್ರಾಂಗ್‌ಗಳ ಮೇಲೆ ಇರೋದು ಒಂದೇ ರೀತಿಯ ಸಾಲು: ಆಲ್ಕೋಹಾಲ್ 5%ಗಿಂತ ಜಾಸ್ತಿ, 8% ಮೀರುವುದಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) 2018ರಲ್ಲಿ ಮಾಡಿದ ನಿಯಮದಲ್ಲೂ ಹೀಗೇ ಇದೆ. 5% ತನಕ ರೆಗ್ಯುಲರ್, ಅದರ ಮೇಲೆ 8% ತನಕ ಸ್ಟ್ರಾಂಗ್. ಇದು ಇಡೀ ದೇಶಕ್ಕೆ ಒಂದೇ ನಿಯಮ. ಅಂದಮೇಲೆ ಗದ್ವಾಲದ ಬಾಟ್ಲಿಗೂ ರಾಯಚೂರಿನ ಬಾಟ್ಲಿಗೂ ಮೇಲಿನ ಗೆರೆ ಒಂದೇ. ಸುಮ್ನೆ ಗಡಿ ದಾಟಿ ಮಾಲು ತಂದರೆ ಅಬಕಾರಿಯವರ ಕೇಸ್ ಒಂದು ಬೋನಸ್ ಸಿಗುತ್ತದೆ, ಅಷ್ಟೇ.

ಆದರೆ ಆ ಸಾಲು ಹೇಳೋದು ಮಿತಿಯನ್ನು ಮಾತ್ರ. ಒಳಗೆ ಆರು ಇದೆಯೋ ಎಂಟು ಇದೆಯೋ ಗೊತ್ತಾಗಲ್ಲ. ಅದಕ್ಕೇ ಹೈಡ್ರೋಮೀಟರ್ ತೆಗೆದೆ, ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಅದು.

ಇಲ್ಲೊಂದು ತೊಡಕಿದೆ. ತಯಾರಾದ ಬೀರ್‌ಗೆ ಹೈಡ್ರೋಮೀಟರ್ ಇಳಿಬಿಟ್ಟರೆ ಆಲ್ಕೋಹಾಲ್ ಎಷ್ಟು ಅಂತ ಅದು ಹೇಳಲ್ಲ. ಬೀರ್‌ನಲ್ಲಿ ಉಳಿದಿರುವ ಸಕ್ಕರೆ ಸಾಂದ್ರತೆ ಏರಿಸುತ್ತದೆ, ಆಲ್ಕೋಹಾಲ್ ಇಳಿಸುತ್ತದೆ. ಎರಡೂ ಸೇರಿದ ಅಂಕಿ ಸಿಕ್ಕರೆ ಏನು ಮಾಡೋದು? ಹಾಗಾಗಿ ಎರಡು ಸಲ ಅಳೆಯಬೇಕು, ಒಮ್ಮೆ ಆಲ್ಕೋಹಾಲ್ ಇದ್ದಾಗ, ಇನ್ನೊಮ್ಮೆ ಅದು ಹೋದ ಮೇಲೆ.

ಮೊದಲು ಬೀರ್‌ನ ಗ್ಯಾಸ್ ಬಿಡಿಸಬೇಕು. ಎರಡು ಪಾತ್ರೆಗಳ ನಡುವೆ ಸುರಿದು ಸುರಿದು ನೊರೆ ಪೂರ್ತಿ ಹೋಗುವ ತನಕ ಕಾಯುತ್ತೇನೆ. ಇಲ್ಲದಿದ್ದರೆ ಗುಳ್ಳೆಗಳು ಹೈಡ್ರೋಮೀಟರ್‌ಗೆ ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ, ಅಂಕಿ ಸುಳ್ಳಾಗುತ್ತದೆ. ಆಮೇಲೆ 250 ಮಿ.ಲೀ. ಅಳೆದು ಮೊದಲ ಅಂಕಿ ಬರೆದುಕೊಳ್ಳೋದು. ಅದೇ 250 ಮಿ.ಲೀ. ಬೀರ್ ಅನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸೋದು. ಕಿಟಕಿ ತೆಗೆದಿರಲಿ. ಉರಿ ಜೋರಾದರೆ ಹಾಲಿನ ಹಾಗೆ ಉಕ್ಕಿ ಒಲೆ ತುಂಬಾ ಆಗುತ್ತದೆ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಆಲ್ಕೋಹಾಲ್ ಪೂರ್ತಿ ಹಾರಿಹೋಗಿರುತ್ತದೆ. ತಣ್ಣಗಾದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ ಸರಿಯಾಗಿ 250ಕ್ಕೆ ತರೋದು. ಎರಡನೇ ಅಂಕಿ.

ಮೊದಲು 1.008, ಆಮೇಲೆ 1.018 ಬಂತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.010, ಅಂದರೆ 10 ಪಾಯಿಂಟ್ (0.001ಕ್ಕೆ ಒಂದು ಪಾಯಿಂಟ್). ಅದು ಸುಮಾರು 7.2% ಆಲ್ಕೋಹಾಲ್. 7 ಪಾಯಿಂಟ್ ವ್ಯತ್ಯಾಸ ಬಂದರೆ 5%ರ ಆಸುಪಾಸು, 11 ಬಂದರೆ 8%.

ನಮ್ಮೂರಿನ ಬಿಸಿಲು ಈ ಲೆಕ್ಕವನ್ನು ಹಾಳು ಮಾಡುತ್ತದೆ. ಮೇ ತಿಂಗಳಲ್ಲಿ ರೂಮೇ 38, 40 ಡಿಗ್ರಿ ಇರುತ್ತದಲ್ವಾ? ನನ್ನ ಹೈಡ್ರೋಮೀಟರ್ ಮಾಡಿರೋದು 20 ಡಿಗ್ರಿಗೆ. ನೀರಿನ ಸಾಂದ್ರತೆಯೇ 20ರಿಂದ 40 ಡಿಗ್ರಿಗೆ ಹೋಗುವಷ್ಟರಲ್ಲಿ 6 ಪಾಯಿಂಟ್ ಇಳಿಯುತ್ತದೆ. ಫ್ರಿಜ್‌ನಿಂದ ತೆಗೆದ ಬೀರ್ ಒಂದು ಸಲ, ಒಲೆಯಿಂದ ಇಳಿಸಿದ್ದು ಇನ್ನೊಂದು ಸಲ ಅಳೆದರೆ ಸಿಗುವ ಅಂಕಿ ಬರೀ ತಮಾಷೆ. ಎರಡೂ ಸಲ ಸಿಲಿಂಡರ್ ಅನ್ನು ಐಸ್ ನೀರಿನ ಬಕೆಟ್‌ನಲ್ಲಿಟ್ಟು ಥರ್ಮಾಮೀಟರ್ 20 ತೋರಿಸಿದಾಗಲೇ ಓದುತ್ತೇನೆ. ಅಷ್ಟಾದರೂ ಒಂದು ಗೆರೆ ಹೆಚ್ಚು ಕಮ್ಮಿ ಓದಿದರೆ ಮುಕ್ಕಾಲು ಪರ್ಸೆಂಟ್ ಹೋಯಿತು. ಹಾಗಾಗಿ 'ಏಳು' ಅಂದರೆ ಆರೂಕಾಲಿಂದ ಏಳೂಮುಕ್ಕಾಲು ಅಂತಲೇ ತಿಳಿಯಬೇಕು.

ನಾನು ನೋಡಿದ ಸ್ಟ್ರಾಂಗ್‌ಗಳೆಲ್ಲ ಆರಕ್ಕಿಂತ ಮೇಲೆ, ಎಂಟರ ಒಳಗೆ. ಒಂದೂ ಎಂಟು ದಾಟಲಿಲ್ಲ. ಹೆಸರಿಗೂ ಅಂಕಿಗೂ ಸಂಬಂಧವೂ ಕಾಣಲಿಲ್ಲ.

ನಿಜವಾದ ವ್ಯತ್ಯಾಸ ಇರೋದು ಬಾಟ್ಲಿಯ ಅಳತೆಯಲ್ಲಿ. 8%ರ 650 ಮಿ.ಲೀ. ಬಾಟ್ಲಿಯಲ್ಲಿ ಶುದ್ಧ ಆಲ್ಕೋಹಾಲ್ 52 ಮಿ.ಲೀ. 500ರ ಟಿನ್‌ನಲ್ಲಿ 40. 330ರ ಪಿಂಟ್‌ನಲ್ಲಿ 26. ನಮ್ಮ ವಿಸ್ಕಿ 42.8% ಇರುತ್ತದೆ, 60ರ ಒಂದು ಪೆಗ್ ಅಂದರೆ ಸುಮಾರು 26 ಮಿ.ಲೀ. ಲೆಕ್ಕ ಹಾಕಿ: ಒಂದು ಸ್ಟ್ರಾಂಗ್ ಬಾಟ್ಲಿ ಅಂದರೆ ಎರಡು ಲಾರ್ಜ್. ವಿಸ್ಕಿ ಕ್ವಾರ್ಟರ್‌ನಲ್ಲಿ (180 ಮಿ.ಲೀ.) ಇರೋದು 77 ಮಿ.ಲೀ., ಎರಡು ಸ್ಟ್ರಾಂಗ್‌ನಲ್ಲಿ 104. "ನಾನು ಹಾರ್ಡ್ ಮುಟ್ಟಲ್ಲಪ್ಪಾ, ಎರಡೇ ಬೀರ್" ಅನ್ನುವ ಗೆಳೆಯನಿಗೆ ಇದನ್ನು ಹಾಳೆ ಮೇಲೆ ಬರೆದು ತೋರಿಸಿದೆ. ಅವನು ಬೈಕ್ ಕೀ ಟೇಬಲ್ ಮೇಲಿಟ್ಟ. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ದಾಟಿದರೆ ಕೇಸ್. ಎರಡು ಸ್ಟ್ರಾಂಗ್ ಕುಡಿದು ಬೈಕ್ ಹತ್ತಿದವನು ಅದನ್ನು ಯಾವಾಗಲೋ ದಾಟಿರುತ್ತಾನೆ.

ಎಂಟಕ್ಕಿಂತ ಮೇಲೆ ಬೀರ್ ಇಲ್ಲವೇ ಅಂದರೆ, ಇದೆ. ಬೆಲ್ಜಿಯಂನ ಡುವೆಲ್ 8.5%, ರೋಶ್‌ಫೋರ್ 10 ಅನ್ನೋದು 11.3%. ಅದಕ್ಕಿಂತ ಮೇಲೆ ಹೋದ ಹಾಗೆ ಮಾಮೂಲಿ ಬೀರ್ ಯೀಸ್ಟ್‌ಗೆ ಉಸಿರು ಕಟ್ಟುತ್ತದೆ, ತಾನೇ ಮಾಡಿದ ಆಲ್ಕೋಹಾಲ್‌ನಲ್ಲಿ ತಾನೇ ಸುಸ್ತಾಗುತ್ತದೆ. ಸ್ಕಾಟ್ಲೆಂಡಿನ ಬ್ರೂಡಾಗ್‌ನವರು 2009ರಲ್ಲಿ 32%ರ ಬೀರ್ ಮಾಡಿದ್ದು ಬೀರ್ ಅನ್ನು ಹೆಪ್ಪುಗಟ್ಟಿಸಿ, ನೀರಿನ ಐಸ್ ತೆಗೆದುಹಾಕಿ. ಅದನ್ನು ಬೀರ್ ಅನ್ನೋದಕ್ಕೆ ನನಗೆ ಮನಸ್ಸು ಒಪ್ಪಲ್ಲ.

ಇನ್ನು ಕಿಕ್ ಸಾಲಲಿಲ್ಲ ಅಂತ ಬೇರೆ ಏನಾದರೂ ಬೆರೆಸುವ ಯೋಚನೆ. ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನೋ ಮಂಪರು ಬರಿಸುವ ರಾಸಾಯನಿಕ) ಹಾಕಿದ ಸೇಂದಿ ಏನು ಮಾಡುತ್ತದೆ ಅಂತ ರಾಯಚೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಅಂಗಡಿಗೆ ಹೋದರೆ ನಾನು ಬ್ರಾಂಡ್ ಕೇಳಲ್ಲ. ಬಿಸಿಲಿಗೆ ಬಾಯಾರಿದ್ದರೆ ಮೊದಲು ನೀರು, ಆಮೇಲೆ 5%ರ ಒಳಗಿನ ಲೈಟ್. ಸ್ಟ್ರಾಂಗ್ ತಗೊಂಡರೆ ಒಂದು ಪಿಂಟ್, ಅದೂ ಮಿರ್ಚಿ, ವಗ್ಗರಣಿ ಹೊಟ್ಟೆಗೆ ಬಿದ್ದ ಮೇಲೆ. ತಯಾರಾದ ತಾರೀಖು ನೋಡುತ್ತೇನೆ, ಈಚಿನದೇ ಆಗಬೇಕು. ಬಿಸಿಲು ಬೀಳುವ ಕಡೆ ಕ್ರೇಟ್ ಪೇರಿಸಿಟ್ಟಿದ್ದರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ. ಬಿಸಿಯಲ್ಲಿ ಕೂತ ಬೀರ್‌ನಲ್ಲಿ ಆಲ್ಕೋಹಾಲ್ ಕಮ್ಮಿ ಆಗಲ್ಲ, ರುಚಿ ಮಾತ್ರ ಒದ್ದೆ ರಟ್ಟು ಜಗಿದ ಹಾಗಿರುತ್ತದೆ.